ಕೈ ಒಗೆತದ ಬಟನ್

ಆ ಬಟನ್ನನ್ನು ಕಂಡುಹಿಡಿದವನು ತಾನೇ ಎಂದು ಅವನು ಗಲ್ಲಿಗೆಲ್ಲ ಸಾರಿಕೊಂಡು ಬಂದಿದ್ದ. ಯಾರೂ ಕೇಳಿರಲಿಲ್ಲ. ಆದರೂ ಹೇಳಿದ. ಹಾಲಿನವನಿಗೆ ಹೇಳಿದ, ಚಪ್ಪಲಿ ಹೊಲಿಯುವವನಿಗೆ ಹೇಳಿದ, ಬಸ್ಸಿನಲ್ಲಿ ಪಕ್ಕ ಕೂತ ಯಾರಿಗೋ ಪಾಪ ಅವರು ಇಳಿಯುವ ಸ್ಟಾಪು ದಾಟಿಹೋಗುವವರೆಗೂ ಹೇಳಿದ. ಕಡೆಗೆ ಗಲ್ಲಿಯ ಜನ ಅವನಿಗೆ 'ಬಟನ್ ಅಣ್ಣ' ಎಂದೇ ಹೆಸರಿಟ್ಟುಬಿಟ್ಟರು. ಅದು ಗೇಲಿ ಎಂದು ಅವನಿಗೂ ಗೊತ್ತಿತ್ತು. ಗೇಲಿಯಾದರೇನು, ಬಿರುದು ಬಿರುದೇ ಎಂದುಕೊಂಡ.

ಬಟನ್ ಎಂದರೆ ಅಂಗಿಯದಲ್ಲ, ಬಟ್ಟೆ ಒಗೆಯುವ ಮೆಷಿನ್ನಿನದು. ಕಂಪನಿ ಹೊಸದಾಗಿ ತರಲಿದ್ದ ಮೆಷಿನ್ನಿನ ನೆತ್ತಿಯಲ್ಲಿ ಸಾಲಾಗಿ ಬಟನ್‌ಗಳು. ಸಾಲಿನ ತುದಿಯಲ್ಲಿದ್ದದ್ದು ಅವನದು. ಅದರ ಮೇಲೆ ಪುಟ್ಟ ಚಿತ್ರ: ಒಂದು ತೊಟ್ಟಿ, ತೊಟ್ಟಿಯ ನೀರಿನಲ್ಲಿ ಅದ್ದಿದ ಒಂದು ಕೈ. ಕೆಳಗೆ 'ಕೈ ಒಗೆತ' ಎಂದು ಬರೆದಿತ್ತು. ಅದನ್ನು ಒತ್ತಿದರೆ ಮೆಷಿನ್ನು ಮೆಷಿನ್ನಿನ ಹಾಗೆ ಒಗೆಯುವುದಿಲ್ಲ, ಮನುಷ್ಯರ ಹಾಗೆ ಒಗೆಯುತ್ತದೆ. ನುಣುಪು ಬಟ್ಟೆ ಹರಿಯುವುದಿಲ್ಲ, ಉಣ್ಣೆ ಗಂಟುಗಟ್ಟುವುದಿಲ್ಲ.

ಕಂಪನಿಯ ಬಣ್ಣದ ಕಾಗದವೊಂದನ್ನು ಮನೆಗೆ ತಂದು ಅವನು ಹೆಂಡತಿಗೆ ತೋರಿಸಿದ.

"ನೋಡು. ಇದು ನನ್ನ ಕೈ."

ಅವಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕಾಗದವನ್ನು ಬೆಳಕಿಗೆ ಹಿಡಿದಳು. ಅವಳೂ ಅವನೂ ಒಂದೇ ಗಲ್ಲಿಯಲ್ಲಿ ಮೂಗು ಸುರಿಸಿಕೊಂಡು ಆಡಿ ಬೆಳೆದವರು. ಹಾಗಾಗಿ ಗಂಡನಿಗೆ 'ರೀ' ಎನ್ನುವ ಅಭ್ಯಾಸ ಅವಳ ನಾಲಿಗೆಗೆ ಹತ್ತಲೇ ಇಲ್ಲ.

"ಬರೀ ಕೈ ಇದೆ," ಎಂದಳು. "ಮಿಕ್ಕಿದ್ದೆಲ್ಲ ಎಲ್ಲಿ?"

"ಅಷ್ಟು ಸಣ್ಣ ಬಟನ್ನಲ್ಲಿ ಮಿಕ್ಕಿದ್ದು ಹೇಗೆ ಹಿಡಿಸುತ್ತೆ?"

"ಮಣಿಕಟ್ಟಿನ ಹತ್ರ ಕತ್ತರಿಸಿ ಹಾಕಿದಾರೆ," ಎಂದು ಕಾಗದ ವಾಪಸು ಕೊಟ್ಟಳು. ಪೆಟ್ಟಿಗೆ ಮತ್ತೆ ಅಂಗಿಯ ಮೇಲೆ ಓಡಿತು.

ಅವರದು ತಲೆತಲಾಂತರದಿಂದ ಬಟ್ಟೆ ಒಗೆಯುವ ಮನೆತನ. ಗಲ್ಲಿಯ ಹಿಂದೆ ಕಲ್ಲು ಹಾಸಿದ ಕೊಳ. ಕೊಳದ ಸುತ್ತ ಸೊಂಟದೆತ್ತರದ ಒಗೆಯುವ ಕಲ್ಲುಗಳು, ಪೆಟ್ಟು ತಿಂದೂ ತಿಂದೂ ನಡುವೆ ತಗ್ಗು ಬಿದ್ದಿದ್ದವು. ಅಲ್ಲಿ ಒಗೆದವರ ಸೊಂಟವೂ ಹಾಗೆಯೇ. ರೋಗಿಯ ಹಾಸಿಗೆ ಬಟ್ಟೆ, ಬಾಣಂತಿಯ ಬಟ್ಟೆ, ಸತ್ತವರ ಮೈಮೇಲಿನ ಬಟ್ಟೆ, ಮನೆಯವರೇ ಮುಟ್ಟಲು ಹೇಸುವ ಬಟ್ಟೆ ಎಲ್ಲವೂ ಇವರ ಕೈಗೆ. ಕೈಗೆ ಎಂಬುದೂ ಸುಳ್ಳು. ದೊಡ್ಡ ಮನೆಗಳವರು ಗಂಟನ್ನು ಕೈಗೆ ಕೊಡುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ನೆಲಕ್ಕೆ ಹಾಕುತ್ತಿದ್ದರು. ಬಗ್ಗಿ ಎತ್ತಿಕೊಳ್ಳಬೇಕು. ಅದೇ ಗಂಟು ಒಗೆದು ಇಸ್ತ್ರಿ ಮಾಡಿ ತಂದರೆ ಮಾತ್ರ ಕೈಚಾಚಿ ತೆಗೆದುಕೊಳ್ಳುತ್ತಿದ್ದರು. ಬಟ್ಟೆಗೆ ಹೋಗಿಬರುವಷ್ಟರಲ್ಲಿ ಮೈಲಿಗೆ ಕಳೆಯುತ್ತಿತ್ತು. ಒಗೆದವರಿಗೆ ಕಳೆಯುತ್ತಿರಲಿಲ್ಲ.

ಆಮೇಲೆ ಮನೆಮನೆಗೆ ಮೆಷಿನ್ನು ಬಂತು. ಮೊದಲು ಹಾಸಿಗೆ ಬಟ್ಟೆ ಬರುವುದು ನಿಂತಿತು. ಆಮೇಲೆ ಅಂಗಿ, ಪ್ಯಾಂಟು. ಕೊನೆಗೆ ಉಳಿದದ್ದು ಮೆಷಿನ್ನಿಗೆ ಹಾಕಿದರೆ ಹಾಳಾಗುವ ನಾಜೂಕು ಬಟ್ಟೆ ಮಾತ್ರ. ಗಲ್ಲಿಯ ಅರ್ಧ ಜನ ಬೇರೆ ಕೂಲಿ ಹುಡುಕಿಕೊಂಡು ಹೋದರು. ಉಳಿದರ್ಧ ಆ ನಾಜೂಕು ಗಂಟನ್ನು ನೆಚ್ಚಿಕೊಂಡು ಕೂತರು.

ಇಂಥ ಹೊತ್ತಿನಲ್ಲಿ ಕಂಪನಿಯ ಎಂಜಿನಿಯರ್ ಮೇಡಂ ಕೊಳದ ಹತ್ತಿರ ಬಂದು, ಕೈಯಲ್ಲಿ ಚೆನ್ನಾಗಿ ಒಗೆಯುವವರು ಯಾರಾದರೂ ಇದ್ದಾರಾ ಎಂದು ಕೇಳಿದಳು. ನಾಜೂಕು ಬಟ್ಟೆ ಒಗೆಯುವುದನ್ನು ಮೆಷಿನ್ನಿಗೆ ಕಲಿಸಬೇಕಿತ್ತಂತೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಇವನು ಮಾತ್ರ ಎದ್ದು ನಿಂತ. ಮೆಷಿನ್ನು ಕರುಣೆಯಿಂದ ಬಿಟ್ಟಿದ್ದ ಕೊನೆಯ ಗಂಟನ್ನೂ ಮೆಷಿನ್ನಿಗೇ ಒಪ್ಪಿಸಿ ಬರಲು ತಾನಾಗಿ ಹೊರಟ. ಹೋಗುವಾಗ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬೇರೆ ಹೋದ.

ಕಂಪನಿಯಲ್ಲಿ ಒಂದು ಗಾಜಿನ ಕೋಣೆ. ಕೋಣೆಯ ನಡುವೆ ಸ್ಟೀಲಿನ ತೊಟ್ಟಿ. ಅವನ ಕೈಗಳಿಗೆ ತಂತಿ ಪೋಣಿಸಿದ ತೆಳು ಗ್ಲೌಸು ತೊಡಿಸಿದರು. ಮೇಲೊಂದು ಕ್ಯಾಮೆರಾ, ಎದುರಿಗೊಂದು, ಕಂಕುಳ ಕೆಳಗೊಂದು. ಬೆಳಗ್ಗೆಯಿಂದ ಸಂಜೆಯವರೆಗೆ ಒಗೆ ಎಂದರು. ಒಗೆದ. "ಇನ್ನೊಂದ್ಸಲ" ಎಂದರು. ಮತ್ತೆ ಒಗೆದ. ಅದೇ ಅಂಗಿ, ಅದೇ ಕಲೆ. ಒಗೆದು ಕಲೆ ಹೋದರೆ ಮತ್ತೆ ಕಲೆ ಮಾಡಿ ಕೊಡುತ್ತಿದ್ದರು. ಜನ್ಮದಲ್ಲಿ ಮೊದಲ ಬಾರಿಗೆ, ಕಲೆ ಹೋದದ್ದಕ್ಕೆ ಬೇಸರಪಡುವ ಜನರನ್ನು ನೋಡಿದ. ಗ್ಲೌಸಿನೊಳಗೆ ಸೋಪಿನ ನೀರು ನಿಂತು ಬೆರಳ ಸಂದುಗಳು ಬಿರಿದವು. ಉಗುರ ಬುಡ ಕೊಳೆತು ಹಳದಿಯಾಯಿತು. ರಾತ್ರಿ ಊಟಕ್ಕೆ ಕೂತರೆ ಖಾರ ತಗುಲಿ ಕೈ ಧಗಧಗ ಉರಿಯುತ್ತಿತ್ತು. ಹೆಂಡತಿ ಅನ್ನ ಕಲಸಿ ಕೊಡುತ್ತಿದ್ದಳು. ಚಮಚದಲ್ಲಿ ತಿನ್ನುತ್ತ ಅವನು, "ವಿಜ್ಞಾನಿಗಳಿಗೆ ಇದೆಲ್ಲ ಇದ್ದದ್ದೇ" ಎನ್ನುತ್ತಿದ್ದ.

ಆದರೆ ಮೆಷಿನ್ನು ಪಾಸಾಗಲಿಲ್ಲ. ಅವನ ಕೈ ಆಡಿದ ಹಾಗೆಯೇ ಆಡಿತು, ಬಟ್ಟೆ ಹರಿಯಿತು. ಮೇಡಂ ತಲೆ ಮೇಲೆ ಕೈಹೊತ್ತು ಕೂತಳು. ಅವನಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. ನಿಜ ಹೇಳಬೇಕೆಂದರೆ ಅವನು ಒಳ್ಳೆಯ ಅಗಸನೇ ಅಲ್ಲ. ಅವನದು ಗಂಟು ಹೊರುವುದು, ಹಿಂಡುವುದು, ಒಣಹಾಕುವುದು, ಮನೆಮನೆಗೆ ತಲುಪಿಸಿ ಬಯ್ಯಿಸಿಕೊಳ್ಳುವುದು. ನಾಜೂಕು ಬಟ್ಟೆಯನ್ನು ಹೆಂಡತಿ ಅವನ ಕೈಗೆ ಸಿಗದ ಹಾಗೆ ಎತ್ತಿಡುತ್ತಿದ್ದಳು. ಅವನಪ್ಪನೂ ಅಷ್ಟೆ, ಎರಡು ಅಂಗಿ ಕೊಟ್ಟರೆ ಒಂದನ್ನು ಹರಿದು ತರುವ ಪೈಕಿ.

ಮನೆಗೆ ಬಂದು ಸುಮ್ಮನೆ ಕೂತ. ಹೆಂಡತಿ ಕೇಳಿದಳು.

"ಏನಾಯ್ತು, ವಿಜ್ಞಾನಿಗಳು ಸಪ್ಪಗಿದಾರೆ?"

"ಮೆಷಿನ್ನು ಬಟ್ಟೆ ಹರೀತಿದೆ."

"ನಿನ್ನ ನೋಡಿ ಕಲಿತರೆ ಹರೀದೆ ಇನ್ನೇನು ಮಾಡುತ್ತೆ?" ನಕ್ಕಳು. ಆಮೇಲೆ ಪಾತ್ರೆಯಲ್ಲಿ ನೀರು ತುಂಬಿ, ಒಂದು ತೆಳು ರವಿಕೆ ಬಟ್ಟೆ ಅದ್ದಿ ತೋರಿಸಿದಳು. "ನೀನು ಒಂದೇ ಸಮ ಗುದ್ದಾಡ್ತೀಯ. ಬಟ್ಟೆಗೂ ಸುಸ್ತಾಗುತ್ತೆ. ಇಲ್ನೋಡು. ಎರಡು ಸಲ ಆಡಿಸು, ಬಿಡು. ಅದರ ಪಾಡಿಗೆ ಅದು ಮುಳುಗ್ಲಿ. ಕೊಳೆ ಬಿಡೋದು ನಾವು ಉಜ್ಜುವಾಗಲ್ಲ, ಸುಮ್ನೆ ಬಿಟ್ಟಾಗ. ಆಮೇಲೆ ಆ ಕಡೆಯಿಂದ ಎರಡು ಸಲ. ಮತ್ತೆ ಬಿಡು. ನಮ್ಮಮ್ಮ ಕಲಿಸಿದ್ದು."

ಮರುದಿನ ಗಾಜಿನ ಕೋಣೆಯಲ್ಲಿ ಅವನು ಹಾಗೇ ಮಾಡಿದ. ಆಡಿಸಿದ, ಬಿಟ್ಟ. ಆಡಿಸಿದ, ಬಿಟ್ಟ. ಬಿಟ್ಟಾಗಲೆಲ್ಲ ದೊಡ್ಡ ಪಂಡಿತನ ಹಾಗೆ ಮೇಲ್ಛಾವಣಿ ನೋಡುತ್ತ ನಿಂತ. ಮೆಷಿನ್ನು ಹಾಗೇ ಆಡಿಸಿತು, ಬಿಟ್ಟಿತು. ಬಟ್ಟೆ ಹರಿಯಲಿಲ್ಲ. ಕಲೆ ಹೋಯಿತು. ಗಾಜಿನ ಆಚೆ ಎಲ್ಲರೂ ಕುಣಿದಾಡಿದರು. ಮೇಡಂ ಓಡಿಬಂದು ಅವನ ಬೆನ್ನು ತಟ್ಟಲು ಕೈ ಎತ್ತಿದಳು. ಬೆನ್ನು ಒದ್ದೆಯಾಗಿತ್ತು. ಕೈ ಅಲ್ಲೇ ಗಾಳಿಯಲ್ಲಿ ನಿಂತು, ಹಾಗೇ ಕೆಳಗಿಳಿಯಿತು.

"ಇದನ್ನ ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿದಳು.

"ನಮ್ಮಪ್ಪನ ಕಾಲದ್ದು ಮೇಡಂ," ಎಂದ. ಅಪ್ಪ ಹರಿದ ಅಂಗಿಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಆದರೂ ಅಂದುಬಿಟ್ಟ.

ಮನೆಯಲ್ಲಿ ಹೆಂಡತಿಯೂ ಅದನ್ನೇ ಕೇಳಿದಳು. "ನಾನು ಹೇಳಿಕೊಟ್ಟಿದ್ದು ಅಂತ ಹೇಳಿದ್ಯಾ?"

"ಅಲ್ಲಿ ಮಾತಾಡೋಕೆ ಟೈಮೆಲ್ಲಿತ್ತು? ಎಲ್ಲರೂ ಕುಣೀತಿದ್ರು."

ಮೆಷಿನ್ನು ಪಾಸಾದ ಮೇಲೆ ಅವನ ಕೈಯಿಂದ ಗ್ಲೌಸು ಬಿಚ್ಚಿಕೊಂಡರು. ಆದರೆ ಕೆಲಸದಿಂದ ತೆಗೆಯಲಿಲ್ಲ. ಅದೇ ಕೋಣೆಯಲ್ಲಿ ಮೆಷಿನ್ನುಗಳು ಚೆಲ್ಲಿದ ನೀರನ್ನು ಒರೆಸುವ ಕೆಲಸ ಕೊಟ್ಟರು. ಬಟನ್ನನ್ನು ಕಂಡುಹಿಡಿದವನು ಬಟನ್ನಿನ ಕೆಳಗೆ ಮಂಡಿಯೂರಿ ನೆಲ ಒರೆಸತೊಡಗಿದ. ಅದನ್ನು ಗಲ್ಲಿಯಲ್ಲಿ 'ಮೇಲ್ವಿಚಾರಣೆ' ಎಂದು ಹೇಳಿಕೊಂಡ.

ಮೆಷಿನ್ನು ಅಂಗಡಿಗೆ ಬರುವ ದಿನ ಹತ್ತಿರವಾಯಿತು. ನಗರದ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಸೂಪರ್‌ವೈಸರ್ ಬಂದು, "ನಿನ್ನನ್ನೂ ಸ್ಟೇಜಿಗೆ ಕರೀತಾರಂತೆ ಕಣಯ್ಯ" ಎಂದ.

ಅಷ್ಟೇ ಸಾಕಾಯಿತು. ಅವನು ಹೊಸ ಅಂಗಿ ಹೊಲಿಸಿದ. ತಿಳಿನೀಲಿ ಬಣ್ಣ, ಎದೆಗೆ ಜೇಬು. ಊರವರ ಅಂಗಿಗಳನ್ನು ಆಯುಷ್ಯವಿಡೀ ಇಸ್ತ್ರಿ ಮಾಡಿದವನಿಗೆ, ತನಗೆಂದೇ ಅಳತೆ ಕೊಟ್ಟು ಹೊಲಿಸಿದ ಅಂಗಿ ಇದೇ ಮೊದಲು. ಹೆಂಡತಿ ಅದಕ್ಕೆ ಎಷ್ಟು ಚೆನ್ನಾಗಿ ಇಸ್ತ್ರಿ ಹೊಡೆದಳೆಂದರೆ ತೋಳಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಇಸ್ತ್ರಿ ಮೇಜಿನ ಮುಂದೆ ನಿಂತು ಅವನು ಭಾಷಣ ಅಭ್ಯಾಸ ಮಾಡಿದ.

"ವೇದಿಕೆ ಮೇಲಿರುವ ದೊಡ್ಡ ಸಾಹೇಬರೇ, ಎಂಜಿನಿಯರ್ ಮೇಡಂ ಅವರೇ. ಈ ಬಟನ್ನಿನ ಹಿಂದೆ ನನ್ನ ಶ್ರಮ ಇದೆ, ನಮ್ಮ ತಂದೆಯವರ ಆಶೀರ್ವಾದ ಇದೆ. ಸಹಕರಿಸಿದ ಎಲ್ಲರಿಗೂ ನನ್ನ ಧನ್ಯವಾದ."

"ನಾನೆಲ್ಲಿ?" ಹೆಂಡತಿ ಕೇಳಿದಳು.

"ಎಲ್ಲರಿಗೂ ಅಂದ್ನಲ್ಲ. ಅದರಲ್ಲಿ ನೀನೂ ಬರ್ತೀಯ."

"ನಮ್ಮಮ್ಮ?"

"ಅವರೂ ಬರ್ತಾರೆ. ಎಲ್ಲರೂ ಅಂದ್ಮೇಲೆ ಮುಗೀತಲ್ಲ."

"ಸರಿ. ಹಾಗಾದ್ರೆ ನಾನೂ ಬರ್ತೀನಿ. 'ಎಲ್ಲರೂ' ಹೇಗಿರ್ತಾರೆ ನೋಡ್ಬೇಕು."

ಕಾರ್ಯಕ್ರಮದ ದಿನ ಹೆಂಡತಿಯನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ, ಕ್ಯಾಮೆರಾದವರ ಬೆನ್ನ ಹಿಂದೆ ಕೂರಿಸಿ ಅವನು ವೇದಿಕೆಯ ಹಿಂದಕ್ಕೆ ಹೋದ. ಅಲ್ಲಿ ಕಿವಿಗೆ ಮೈಕು ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಎಲ್ಲರನ್ನೂ ಗದರಿಸುತ್ತ ಓಡಾಡುತ್ತಿದ್ದಳು. ಕಾರ್ಯಕ್ರಮ ನಡೆಸುವವಳು ಅವಳೇ. ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಒಗೆಯೋರು ನೀವೇನಾ? ಇದೇನು ಹೀಗೆ ಬಂದಿದೀರ? ಅಂಗಿ ಬಿಚ್ಚಿ."

"ಭಾಷಣಕ್ಕೆ..."

"ಯಾವ ಭಾಷಣ? ಬೇಗ ಬಿಚ್ಚಿ, ಟೈಮಿಲ್ಲ. ಇದು ಹಾಕ್ಕೊಳ್ಳಿ."

ಅವನ ಕೈಗೆ ಒಂದು ಹರಕು ಚಡ್ಡಿ ಬಂತು. ಬೇಕೆಂದೇ ಕತ್ತರಿಯಿಂದ ಹರಿದಿದ್ದರು. ಅದರ ಅಂಚು ನೋಡಿದರೆ ಗೊತ್ತಾಗುತ್ತಿತ್ತು. ವೇದಿಕೆಯ ಮೇಲೆ ಏನು ನಡೆಯುತ್ತದೆಂದು ಹೆಂಗಸು ಉಸಿರು ಬಿಡದೆ ಹೇಳಿದಳು. ಎಡಗಡೆ 'ಆಗ'. ಬಲಗಡೆ 'ಈಗ'. ಆಗ ಎಂದರೆ ಅವನು. ಈಗ ಎಂದರೆ ಮೆಷಿನ್ನು. ಅವನು ಬರಿಮೈಯಲ್ಲಿ ಬಗ್ಗಿ ಒಗೆಯುತ್ತಿರಬೇಕು, ನಡುನಡುವೆ ಸೊಂಟ ಹಿಡಿದುಕೊಂಡು ನರಳಬೇಕು. ಮಾತಾಡಬಾರದು.

ಇಲ್ಲಿ ಅವನು ರೇಗಬೇಕಿತ್ತು. ಮುಂದೆ ಎಷ್ಟೋ ದಿನ ಅವನು ಮನಸ್ಸಿನಲ್ಲೇ ಆ ಗಳಿಗೆಗೆ ವಾಪಸು ಹೋಗಿ ಬಗೆಬಗೆಯಾಗಿ ರೇಗಿದ. ಚಡ್ಡಿಯನ್ನು ಅವಳ ಮುಖಕ್ಕೆ ಎಸೆದ. ಹೊಸ ಅಂಗಿಯ ತೋಳು ಮಡಚಿದ. ಆದರೆ ಅಂದು ನಿಜವಾಗಿ ಮಾಡಿದ್ದಿಷ್ಟೆ: "ಆಯ್ತಮ್ಮ" ಎಂದ, ಅಂಗಿ ಬಿಚ್ಚಿದ, ಸುಕ್ಕಾಗದ ಹಾಗೆ ಮಡಿಸಿ ಕುರ್ಚಿಯ ಮೇಲಿಟ್ಟ. ಅವನ ಬೆನ್ನಿಗೆ ಬಗ್ಗುವುದು ಎಷ್ಟು ರೂಢಿಯಾಗಿತ್ತೆಂದರೆ ಅದು ಅವನನ್ನು ಕೇಳುತ್ತಿರಲಿಲ್ಲ.

ಬಣ್ಣ ಹಚ್ಚುವವಳು ಬಂದು ಮುಖಕ್ಕೆ, ಮೈಗೆ ಮಸಿ ಬಳಿದಳು. ಆಮೇಲೆ ಸೀಸೆಯಿಂದ ಹಣೆಗೆ, ಎದೆಗೆ ಪುಸುಪುಸು ನೀರು ಹೊಡೆದಳು.

"ಇದೇನಮ್ಮ?"

"ಬೆವರು. ಲೈಟಿಗೆ ಹೊಳೀಬೇಕಲ್ಲ."

ಹುಟ್ಟಿದಾಗಿನಿಂದ ಬೆವರು ಸುರಿಸಿದವನಿಗೆ ಸೀಸೆಯ ಬೆವರು. ಅವನಿಗೆ ನಗು ಬಂತು. ನಕ್ಕರೆ ಮಸಿ ಬಿರಿಯುತ್ತದೆಂದು ಅವಳು ಗದರಿದಳು.

ವೇದಿಕೆಯ ಎಡಮೂಲೆಯಲ್ಲಿ ನೀರಿನ ಬಕೆಟ್ಟು, ಒಗೆಯುವ ಕಲ್ಲು. ಹತ್ತಿರ ಹೋಗಿ ನೋಡಿದರೆ ಥರ್ಮೋಕೋಲಿನದು, ಕಪ್ಪು ಬಣ್ಣ ಹೊಡೆದಿದ್ದರು. ಅವನು ಒದ್ದೆ ಬಟ್ಟೆ ಎತ್ತಿ ಒಂದೇ ಪೆಟ್ಟು ಹಾಕಿದ. ಕಲ್ಲಿನ ಮೂಲೆ ಪುಸಕ್ಕನೆ ಮುರಿದು ಮುಂದಿನ ಸಾಲಿನ ಒಬ್ಬರ ಮಡಿಲಿಗೆ ಬಿತ್ತು. ಸಭೆ ಗೊಳ್ಳೆಂದಿತು. ಮೂಲೆಯಿಂದ ಮೈಕಿನ ಹೆಂಗಸು "ಮೆಲ್ಲಗೆ, ಮೆಲ್ಲಗೆ" ಎಂದು ಕೈಸನ್ನೆ ಮಾಡಿದಳು. ಅವನು ಮೆಲ್ಲಗೆ ಒಗೆದ. ಹೇಳಿಕೊಟ್ಟ ಹಾಗೆ ನರಳಿದ. ನರಳಿಕೆ ಬರಬರುತ್ತ ನಿಜದ್ದಾಯಿತು. ಸೊಂಟ ನಿಜವಾಗಿಯೂ ನೋಯುತ್ತಿತ್ತು.

ದೊಡ್ಡ ಸಾಹೇಬರು ಬೆಳಕಿನ ನಡುವೆ ಬಂದು ನಿಂತರು. ಬಿಳಿ ಕೋಟು, ಬಿಳಿ ಪ್ಯಾಂಟು. ತಮ್ಮ ಬಾಲ್ಯದ ಕಥೆ ಹೇಳಿದರು. ಅವರ ತಾಯಿ ಬಟ್ಟೆ ಒಗೆದೂ ಒಗೆದೂ ಕೈ ಬಿರಿದುಕೊಂಡಿದ್ದರಂತೆ. ಆ ಕೈ ನೋಡಿ ಪುಟ್ಟ ಬಾಲಕ ಅಂದೇ ಪಣ ತೊಟ್ಟನಂತೆ. ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಹೊರಬಂದವು.

ಅಷ್ಟು ದೊಡ್ಡ ಮನೆಯ ತಾಯಂದಿರು ತಾವೇ ಒಗೆದುಕೊಳ್ಳುತ್ತಿದ್ದರೆ, ತನ್ನವ್ವ ಹಿತ್ತಲ ಬಾಗಿಲಲ್ಲಿ ನಿಂತು ತಂದದ್ದು ಯಾರ ಗಂಟು? ಬಗ್ಗಿದಲ್ಲೇ ಅವನು ಯೋಚಿಸಿದ.

"ಈ ಬಟನ್ ಹುಟ್ಟಿದ್ದು ನನ್ನಮ್ಮನ ಕೈಯಿಂದ," ಎಂದರು ಸಾಹೇಬರು. ದೊಡ್ಡ ಚಪ್ಪಾಳೆ. ಯಾರೋ ಗಣ್ಯರು ಬಂದು, ಕೈ ಒಗೆತವನ್ನು ಕಂಡುಹಿಡಿದದ್ದಕ್ಕೆಂದು ಅವರಿಗೆ ಹೊಳೆಯುವ ಫಲಕ ಕೊಟ್ಟರು. ಫಲಕ ಎದೆಗೊತ್ತಿಕೊಂಡು ಸಾಹೇಬರು, "ಈ ಕೆಲಸದಲ್ಲಿ ನನ್ನ ಜೊತೆಗಿದ್ದ ಎಲ್ಲರಿಗೂ ಧನ್ಯವಾದ" ಎಂದರು.

ಎಲ್ಲರಿಗೂ. ಅವನ ಕೈ ನೀರಿನಲ್ಲೇ ನಿಂತಿತು. ತಾನೆಲ್ಲಿದ್ದೇನೆ ಎಂದು ಈಗ ಗೊತ್ತಾಯಿತು. ಈ ಮಾತನ್ನು ತಾನೂ ಇದೇ ದನಿಯಲ್ಲಿ, ಇದೇ ಹಾಗೆ ಎದೆಗೆ ಕೈಯೊತ್ತಿಕೊಂಡು ಇಸ್ತ್ರಿ ಮೇಜಿನ ಮುಂದೆ ಹೇಳಿದ್ದ. ಸಾಹೇಬರ ಬಳಿ ಫಲಕ ಇತ್ತು, ತನ್ನ ಬಳಿ ಇರಲಿಲ್ಲ. ವ್ಯತ್ಯಾಸ ಅಷ್ಟೇ. ಮುಖಕ್ಕೆ ಬಿಸಿ ಏರಿತು. ಸೀಸೆಯ ಬೆವರಿನ ಮೇಲೆ ಅವನದೇ ಬೆವರು ಇಳಿಯಿತು.

ಕೊನೆಗೆ ಪಂದ್ಯ. ಸಾಹೇಬರು ಎರಡು ಬಿಳಿ ಕರವಸ್ತ್ರ ತೆಗೆದು, ಎರಡನ್ನೂ ಚಹಾ ಬಟ್ಟಲಿನಲ್ಲಿ ಅದ್ದಿದರು. ಒಂದನ್ನು ಮೆಷಿನ್ನಿನ ಹತ್ತಿರ ಒಯ್ದು, ಬಾಗಿಲು ತೆರೆದು, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಒಳಗಿಟ್ಟರು. ಇನ್ನೊಂದನ್ನು ಅವನ ಕಾಲ ಬಳಿ ಎಸೆದರು.

"ತಗೋಪ್ಪ. ಯಾರು ಚೆನ್ನಾಗಿ ಒಗೀತಾರೆ ನೋಡೋಣ!"

ಸಭೆ ನಕ್ಕಿತು. ಕರವಸ್ತ್ರ ನೆಲದ ಮೇಲೆ ಬಿದ್ದಿತ್ತು. ಅದರ ಸುತ್ತ ಚಹಾ ಹರಡುತ್ತಿತ್ತು.

ಅವನು ಬಗ್ಗಲಿಲ್ಲ.

ಬೆನ್ನು ನೆಟ್ಟಗಾಯಿತು. ಹೇಗೆಂದು ಅವನಿಗೂ ಗೊತ್ತಿಲ್ಲ. ಅವನೇ ನೆಟ್ಟಗೆ ಮಾಡಿದ್ದೋ, ಸೊಂಟ ಹಿಡಿದುಕೊಂಡು ಬಗ್ಗಲಾಗದೇ ಹೋದದ್ದೋ, ಆಮೇಲೆ ಕೇಳಿದವರಿಗೆಲ್ಲ ಮೊದಲನೆಯದನ್ನೇ ಹೇಳಿದ. ಒಳಗೊಳಗೆ ಎರಡೂ ಇರಬಹುದು ಎಂದುಕೊಂಡ.

"ಕೈಗೆ ಕೊಡಿ," ಎಂದ.

"ಏನು?"

"ನೆಲಕ್ಕೆ ಹಾಕ್ಬೇಡಿ. ಎತ್ತಿ ಕೈಗೆ ಕೊಡಿ."

ಸಾಹೇಬರ ಎದೆಯ ಮೈಕು ಅವನ ದನಿಯನ್ನೂ ಹಿಡಿದು ಸಭೆಗೆಲ್ಲ ಕೇಳಿಸಿತು. ನಾಟಕದ ಭಾಗವೆಂದುಕೊಂಡು ಕೆಲವರು ನಕ್ಕರು. ಸಾಹೇಬರೂ ನಕ್ಕರು. ಅವನು ನಗಲಿಲ್ಲ. ಒದ್ದೆ ಕೈ ಚಾಚಿಕೊಂಡೇ ನಿಂತ. ಬಿರಿದ ಸಂದುಗಳು, ಹಳದಿ ಉಗುರುಗಳು ದೀಪದ ಬೆಳಕಿಗೆ ಚೆನ್ನಾಗಿ ಕಂಡವು. ಸಾಹೇಬರು ಆ ಕೈ ನೋಡಿದರು. ಪಕ್ಕಕ್ಕೆ ನೋಡಿದರು. ಮೈಕಿನ ಹೆಂಗಸು ಪರದೆಯ ಮರೆಯಿಂದ "ಎತ್ಕೊಳ್ರಿ, ಎತ್ಕೊಳ್ರಿ" ಎಂದು ಹಲ್ಲು ಕಚ್ಚಿದಳು.

"ಎತ್ತಲ್ಲ," ಎಂದ. "ನಮ್ಮವ್ವ ಎತ್ತಿದ್ದು ಸಾಕು. ನಾನು ಎತ್ತಿದ್ದೂ ಸಾಕು. ಆ ಬಟನ್ನು ಕಲಿತಿದ್ದು ಈ ಕೈಯಿಂದ. ನಿಮ್ಮಮ್ಮನ ಕೈಯಿಂದಲ್ಲ. ಈ ಕೈ!"

ಅವನ ಬದುಕಿನ ಅತಿ ದೊಡ್ಡ ಗಳಿಗೆ ಅದು. ಇಷ್ಟು ಜನ ಇಷ್ಟು ಹೊತ್ತು ಅವನ ಮಾತನ್ನು ಎಂದೂ ಕೇಳಿರಲಿಲ್ಲ. ಅವನು ಎದೆ ಉಬ್ಬಿಸಿದ.

ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಮೈಕಿಲ್ಲದ ದನಿ. ಕೊಳದ ಈ ದಡದಿಂದ ಆ ದಡಕ್ಕೆ ಕೂಗಿ ಅಭ್ಯಾಸವಾದ ದನಿ.

"ಸುಳ್ಳು! ಅವನಿಗೆ ಒಗೆಯೋಕೇ ಬರಲ್ಲ!"

ಎಲ್ಲರೂ ತಿರುಗಿದರು. ಅವನ ಹೆಂಡತಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು.

"ಆಡಿಸಿ ಬಿಡು, ಆಡಿಸಿ ಬಿಡು ಅಂತ ಹೇಳಿಕೊಟ್ಟಿದ್ದು ನಾನು. ನನಗೆ ಕಲಿಸಿದ್ದು ನಮ್ಮಮ್ಮ. ಅವಳ ಎರಡೂ ಕೈ ಒಗೆಯೋ ಸೋಡಾದಲ್ಲಿ ಬೆಂದು, ಸಾಯೋ ಹೊತ್ತಿಗೆ ಮುಷ್ಟಿ ಮಡಚೋಕೆ ಆಗ್ತಿರ್ಲಿಲ್ಲ. ನೀವಿಬ್ರೂ ಸೇರ್ಕೊಂಡು ನುಂಗಿದ್ದು ಅವಳನ್ನ!"

ನಗೆ ಸಿಡಿಯಿತು. ಈಗ ನಿಜಕ್ಕೂ ನಾಟಕದ ಹಾಗಿತ್ತು. ಅವನು ವೇದಿಕೆಯ ಮೇಲೆ ಹರಕು ಚಡ್ಡಿಯಲ್ಲಿ, ಮಸಿ ಮೈಯಲ್ಲಿ, ಚಾಚಿದ ಕೈಯೊಂದಿಗೆ ನಿಂತಿದ್ದ. ಎದೆಯ ಗಾಳಿ ಇಳಿದಿತ್ತು. ಸಾಹೇಬರ ಮುಖದಲ್ಲಿ ನಿರಾಳ ಕಂಡಿತು. ಕಳ್ಳನ ಪಕ್ಕದಲ್ಲೇ ಇನ್ನೊಬ್ಬ ಕಳ್ಳ ಸಿಕ್ಕಿಬಿದ್ದರೆ ಮೊದಲಿನವನ ಮುಖ ಹಾಗಾಗುತ್ತದೆ. ಅವರು ಮೆಲ್ಲಗೆ, "ನೋಡಿದ್ರಾ, ಇವರ ಮನೇಲೇ ಇವರಿಗೆ ಒಮ್ಮತ ಇಲ್ಲ" ಎಂದರು.

ಆ ಮಾತಿಗೆ ಅವನು ಅವರ ಹತ್ತಿರ ಹೋದ. ಬಿಳಿ ಕೋಟಿನ ಎದೆಗೆ, ಮೈಕು ಸಿಕ್ಕಿಸಿದ ಜಾಗಕ್ಕೆ ಬಾಯಿ ತಂದ. ಸಾಹೇಬರು ಹಿಂದೆ ಸರಿದರು. ಅವನು ಮುಂದೆ ಸರಿದ. ಮಸಿ ಕೋಟಿಗೆ ತಗುಲಿತು.

"ಒಮ್ಮತ ಇದೆ," ಎಂದ. "ಅವಳು ಹೇಳ್ತಿರೋದು ನಿಜ. ನಾನು ಸುಳ್ಳು ಹೇಳ್ದೆ. ಗಲ್ಲಿಗೆಲ್ಲ ಹೇಳ್ದೆ. ಆ ಬಟನ್ನು ನನ್ನ ಹೆಂಡತೀದು, ನಮ್ಮತ್ತೇದು. ನಂದಲ್ಲ. ಇವರದಂತೂ ಮೊದಲೇ ಅಲ್ಲ."

ಅಷ್ಟರಲ್ಲಿ ಮೈಕು ಆಫ್ ಮಾಡಿದರು. ಮೊದಲ ಎರಡೋ ಮೂರೋ ವಾಕ್ಯ ಮಾತ್ರ ಸಭೆಗೆ ಕೇಳಿತ್ತು ಎಂದು ಆಮೇಲೆ ಗೊತ್ತಾಯಿತು. ಕಡೆಯ ಸಾಲಿಗೆ ಕೇಳಿತ್ತೋ ಇಲ್ಲವೋ ಎಂದು ಅವನು ಕಣ್ಣು ಕಿರಿದು ಮಾಡಿ ನೋಡಿದ. ಅವಳು ಕುರ್ಚಿಯಿಂದ ಇಳಿದಿದ್ದಳು.

ಕಾವಲಿನವರು ಅವನ ರಟ್ಟೆ ಹಿಡಿದು ಹಿಂಬಾಗಿಲಿನಿಂದ ಹೊರಗೆ ಹಾಕಿದರು. ಅಂಗಿ, ಪ್ಯಾಂಟು ಒಳಗೇ ಉಳಿದವು. ಹರಕು ಚಡ್ಡಿಯಲ್ಲಿ ಬಾಗಿಲು ಬಡಿದ. ತೆಗೆಯಲಿಲ್ಲ. ಕಾರುಗಳ ಡ್ರೈವರುಗಳು ಸಿಗರೇಟು ಸೇದುತ್ತ ನೋಡಿದರು. ಸ್ವಲ್ಪ ಹೊತ್ತಿಗೆ ಹೆಂಡತಿ ಮುಂಬಾಗಿಲಿನಿಂದ ಸುತ್ತಿಕೊಂಡು ಬಂದಳು. ಅವನನ್ನು ನೋಡಿದಳು. ಮತ್ತೆ ಒಳಗೆ ಹೋದಳು. ಒಳಗೆ ಏನು ಮಾತಾಡಿದಳೋ, ಬರುವಾಗ ಕಂಕುಳಲ್ಲಿ ಪ್ಯಾಂಟು, ಕೈಯಲ್ಲಿ ತಿಳಿನೀಲಿ ಅಂಗಿ.

"ಹಾಕ್ಕೋ."

"ಮಸಿ ಹತ್ತುತ್ತೆ."

"ಹತ್ಲಿ. ಒಗೆಯೋರು ಯಾರೂಂತ ಈಗ ಎಲ್ಲರಿಗೂ ಗೊತ್ತಲ್ಲ."

ಬಸ್ಸಿನಲ್ಲಿ ಅವನು, "ಬಟನ್ನು ನಿಂದೇ ಅಂತ ನಾನು ಹೇಳಿದ್ದು ಕೇಳಿಸ್ತಾ?" ಎಂದ.

"ಅರ್ಧ ಕೇಳಿಸ್ತು."

"ಯಾವ ಅರ್ಧ?"

"'ನಾನು ಸುಳ್ಳು ಹೇಳ್ದೆ' ಅಂದಿದ್ದು," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಭುಜ ಅಲುಗಿಸುತ್ತ ನಕ್ಕಳು. ಎಷ್ಟೋ ಹೊತ್ತು ನಕ್ಕಳು. ಅವನಿಗೆ ಮೊದಲು ಅವಮಾನವಾಯಿತು, ಆಮೇಲೆ ಅವನೂ ನಕ್ಕ. ಮಸಿ ಬಿರಿಯಿತು.

ಮರುದಿನ ಕಂಪನಿಯ ಗೇಟಿನಲ್ಲೇ ಅವನನ್ನು ತಡೆದರು. ಕೆಲಸ ಹೋಯಿತು. ಮೆಷಿನ್ನು ಮಾತ್ರ ಬಿಸಿ ಬಿಸಿಯಾಗಿ ಮಾರಾಟವಾಯಿತು. ಬಸ್‌ಸ್ಟಾಪಿನಲ್ಲಿ ದೊಡ್ಡ ಜಾಹೀರಾತು ಬಿತ್ತು. ಬಿಳಿ ಬಟ್ಟೆಯ ಹೆಂಗಸು ಕೈಕಟ್ಟಿ ನಗುತ್ತ ನಿಂತಿದ್ದಳು. ಮೇಲೆ ದಪ್ಪ ಅಕ್ಷರದಲ್ಲಿ 'ಕೈಗೆ ಕೊಡಿ ಬಿಡುವು' ಎಂದಿತ್ತು. ಅವನು ಅದನ್ನು ಓದಿದ. ಮತ್ತೊಮ್ಮೆ ಓದಿದ. ತಾನು ಅಂದ ಎರಡು ಪದಕ್ಕೆ ಅವರು ಒಂದು ಪದ ಸೇರಿಸಿದ್ದರು. ಎದುರು ನಿಂತು ಆಡಿದ ಮಾತನ್ನೂ ಬಿಡದೆ ಎತ್ತಿಕೊಂಡು ಮಾರುವ ಜನ. ಗಲ್ಲಿಯಲ್ಲಿ ಈ ಸುದ್ದಿ ಹೇಳೋಣವೆನ್ನಿಸಿತು. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡ.

ಇನ್ನು ಅವನ ಕೆಲಸ ಹೆಂಡತಿಯ ಕೈಕೆಳಗೆ. ಗಂಟು ಹೊರುವುದು, ಹಿಂಡುವುದು, ಒಣಹಾಕುವುದು. ನಾಜೂಕು ಬಟ್ಟೆಯನ್ನು ಅವಳು ಈಗಲೂ ಅವನ ಕೈಗೆ ಸಿಗದ ಹಾಗೆ ಎತ್ತಿಡುತ್ತಾಳೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಎಂಜಿನಿಯರ್ ಮೇಡಂ ಕೊಳಕ್ಕೆ ಬಂದಳು. ಕಲ್ಲಿನ ಮೇಲೆ ಕೂರಲೋ ಬೇಡವೋ ಎಂದು ನೋಡಿ ನಿಂತೇ ಇದ್ದಳು. ಅವನ ಹೆಂಡತಿ ದೊಡ್ಡ ಬೆಡ್‌ಶೀಟೊಂದನ್ನು ಜಾಲಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಫಲಕದ ಮೇಲೆ ನನ್ನ ಹೆಸರೂ ಇಲ್ಲ," ಎಂದಳು ಮೇಡಂ. "ರಾತ್ರಿ ಹಗಲು ಕೂತು ಮಾಡಿದ್ದು ನಾನು. ನಿಮಗೆ ಅನ್ಸಿದ್ದು ನನಗೂ ಅನ್ಸಿದೆ."

"ನಿಮ್ಮ ಕೈ ತೋರಿಸಿ," ಎಂದಳು ಹೆಂಡತಿ.

ಮೇಡಂ ತೋರಿಸಲಿಲ್ಲ. ಕೈಗಳನ್ನು ಚೀಲದ ಹಿಂದೆ ಸರಿಸಿದಳು. ಆಮೇಲೆ ಬಂದ ವಿಷಯ ಹೇಳಿದಳು. ಮುಂದಿನ ಮೆಷಿನ್ನಿಗೆ ಹಿಂಡುವುದು ಕಲಿಸಬೇಕಿತ್ತು. ಈಗಿನದು ಗಿರಗಿರ ತಿರುಗಿಸಿ ಸುಕ್ಕು ಮಾಡುತ್ತದೆ. ಮನುಷ್ಯರು ಹಿಂಡಿದರೆ ಸುಕ್ಕಾಗುವುದಿಲ್ಲ. ಹೇಗೆ ಎಂದು ತೋರಿಸಿಕೊಟ್ಟರೆ ಈ ಸಲ ಹೆಸರು ಹಾಕಿಸುವ ಜವಾಬ್ದಾರಿ ತನ್ನದು ಎಂದಳು.

"ನಿಮ್ಮ ಹೆಸರೇ ಹಾಕಿಸೋಕಾಗ್ಲಿಲ್ಲ. ನಮ್ಮದು ಹಾಕಿಸ್ತೀರಾ?" ಎಂದಳು ಹೆಂಡತಿ. "ಆಗಲ್ಲ. ಹೋಗಿ."

ಹಿಂಡುವುದು! ಅದು ಅವನ ಕೆಲಸ. ಜನ್ಮವಿಡೀ ಹಿಂಡಿದ್ದಾನೆ. ಮತ್ತೊಂದು ಬಟನ್, ಅದರ ಮೇಲೆ ಎರಡು ಕೈ, ಈ ಸಲ ನಿಜವಾಗಿಯೂ ತನ್ನವೇ. ನಾಚಿಕೆಗೆಟ್ಟ ನಾಲಿಗೆ ಹಲ್ಲಿನವರೆಗೆ ಬಂತು.

"ಮೇಡಂ, ಅದೇನು ಅಂದ್ರೆ..." ಎಂದು ಶುರುಮಾಡಿದ.

ಹೆಂಡತಿ ಒದ್ದೆ ಬೆಡ್‌ಶೀಟಿನ ಒಂದು ತುದಿಯನ್ನು ತಂದು ಅವನ ಕೈಯಲ್ಲಿ ತುರುಕಿದಳು. ಇನ್ನೊಂದು ತುದಿ ಹಿಡಿದು ದೂರ ಸರಿದಳು. ಬಟ್ಟೆ ಇಬ್ಬರ ನಡುವೆ ಭಾರವಾಗಿ ಜೋತಿತು. ಮೇಡಂ ತನಗರಿವಿಲ್ಲದೆ ಚೀಲಕ್ಕೆ ಕೈಹಾಕಿ ಫೋನು ತೆಗೆದು ಅದರ ಕ್ಯಾಮೆರಾ ಎದುರಿಗೆ ಹಿಡಿದಳು.

ಹೆಂಡತಿ ಅಲುಗಲಿಲ್ಲ. ಬಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತಳು. ಅವಳು ನಿಂತದ್ದು ನೋಡಿ ಪಕ್ಕದ ಕಲ್ಲುಗಳ ಮೇಲಿನ ಪೆಟ್ಟೂ ಒಂದೊಂದಾಗಿ ನಿಂತಿತು. ಒಗೆಯುತ್ತಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ ಇತ್ತ ನೋಡಿದರು. ಬೆಡ್‌ಶೀಟಿನಿಂದ ನೀರು ತೊಟ್ಟಿಕ್ಕಿತು.

ಮೇಡಂ ಫೋನು ಒಳಗಿಟ್ಟಳು. ಒದ್ದೆ ಕಲ್ಲುಗಳ ಮೇಲೆ ಜಾರದ ಹಾಗೆ ಹೆಜ್ಜೆಯಿಡುತ್ತ ಗಲ್ಲಿಯ ಕಡೆ ನಡೆದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಹೆಂಡತಿ ಕಾದಳು.

"ಈಗ ಹಿಂಡು," ಎಂದಳು.

ಅವನು ಪಟ್ಟು ಹಾಕಿ ತಿರುಗಿಸಿದ.

"ಆ ಕಡೆ ಅಲ್ವೋ," ಎಂದಳು, "ಈ ಕಡೆ."

ಅವನು ಈ ಕಡೆ ತಿರುಗಿಸಿದ. ನೀರು ದಬದಬ ಸುರಿಯಿತು.